ಸಹೋದ್ಯೋಗಿಯ ಸಾಲು

ತೊನ್ನಿನ ಕಥೆ ಶುರುವಾದ ಮೇಲೆ ಧಾರಾವಾಹಿಯ ನೋಡುಗರು ಹೆಚ್ಚಿದ್ದರು. ಆಫೀಸೊಂದರಲ್ಲಿ ದುಡಿಯುವ ನಾಯಕಿಯ ಕೈಮೇಲೆ ಬಿಳಿ ಮಚ್ಚೆಗಳು ಮೂಡುತ್ತವೆ, ಜನ ದೂರ ಸರಿಯುತ್ತಾರೆ. ಬರೆದವಳು ಸಂಭಾಷಣೆಗಾರ್ತಿ. ಸರಕು ಮಾತ್ರ ಮೇಕಪ್ ಅಕ್ಕನದು. ಅಕ್ಕನ ಎಡಗೈಗೆ ಬೆರಳಿನಿಂದ ಮೊಣಕೈವರೆಗೆ ತೊನ್ನು. ಚಿಲ್ಲರೆಯನ್ನು ಅಂಗೈಗೆ ಹಾಕದೆ ಸೀಟಿನ ಮೇಲಿಟ್ಟ ಕಂಡಕ್ಟರು, ಕೂಸನ್ನು ಎತ್ತಿಕೊಳ್ಳಲು ಕೊಡದ ನಾದಿನಿ: ಊಟದ ಬಿಡುವಿನಲ್ಲಿ ಅವಳು ನಗುನಗುತ್ತಾ ಹೇಳಿದ್ದೆಲ್ಲ ಕಂತುಗಳಾಗಿತ್ತು. ದಿನವೂ ಮಚ್ಚೆಗಳ ಆಕಾರ ಒಂದೇ ಇರಬೇಕಲ್ಲ. ಅಕ್ಕ ತನ್ನ ಎಡಗೈ ನೋಡಿಕೊಂಡೇ ಅವನ್ನು ನಾಯಕಿಯ ಕೈಮೇಲೆ ಬರೆಯುತ್ತಿದ್ದಳು.

ಆ ಬೆಳಿಗ್ಗೆ ಪ್ರೊಡಕ್ಷನ್ ಮ್ಯಾನೇಜರ್ ಸಂಭಾಷಣೆಗಾರ್ತಿಯನ್ನು ಸೆಟ್ಟಿನ ಮೂಲೆಗೆ ಕರೆದ.

"ಮೇಡಂ, ಹೀರೋಯಿನ್ನು ಬೇರೆ ಮೇಕಪ್‌ನವರು ಬೇಕು ಅಂತಿದ್ದಾರೆ. ಅವರಿಗೇನಿಲ್ವಂತೆ, ಅವರಮ್ಮಂಗೆ ಭಯವಂತೆ."

"ಇದು ಅಂಟಲ್ಲ ಅಂತ ನಿನ್ನೆ ಕ್ಯಾಮೆರಾ ಮುಂದೆ ಅತ್ತಿದ್ದು ಅವರೇ ಅಲ್ವೇನ್ರೀ?"

"ಅದು ಡೈಲಾಗು ಮೇಡಂ. ಇದು ಚರ್ಮ. ಅಕ್ಕಂಗೆ ನೀವೇ ಹೇಳ್ಬಿಡಿ, ನಿಮ್ಮ ಮಾತಾದ್ರೆ ಕೇಳ್ತಾಳೆ. ನೀವೂ ಹಟ ಹಿಡಿದ್ರೆ, ರೈಟರ್‌ಗಳಿಗೇನು ಬರವಾ?"

ಮೇಕಪ್ ಕೋಣೆಯ ಬಾಗಿಲವರೆಗೂ ಅವಳ ನಾಲಗೆಯ ಮೇಲೆ ಬೆಂಕಿಯಿತ್ತು. ಒಳಗೆ ಹೋದಾಗ ಬಂದದ್ದು ಇಷ್ಟು: "ಅಕ್ಕಾ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ."

"ರೆಸ್ಟಾ? ನನಗೇನು ಬಾಣಂತನವೇನೇ?" ಕನ್ನಡಿ ಒರೆಸುತ್ತಿದ್ದ ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಹೀರೋಯಿನ್ನಾ?"

"ಅವರಮ್ಮ."

"ನೀನೇನಂದೆ?"

ಊರಿಗೆಲ್ಲ ಮಾತು ಬರೆದುಕೊಡುವವಳು ತಲೆ ತಗ್ಗಿಸಿ ಮೊಬೈಲ್ ನೋಡಿದಳು.

"ಹೇಳೋದು ಶಾಸ್ತ್ರ, ಇಕ್ಕೋದು ಗಾಳ," ಎಂದು ಅಕ್ಕ ಬ್ರಶ್ಶುಗಳನ್ನು ಬಟ್ಟೆಯಲ್ಲಿ ಸುತ್ತಿದಳು. "ಮಗಳ ಓದು ಮುಗಿಯೋವರೆಗಾದ್ರೂ ಈ ಕೆಲಸ ಇರುತ್ತೆ ಅಂದ್ಕೊಂಡಿದ್ದೆ ಕಣೇ."

ಮಧ್ಯಾಹ್ನ ಹೊಸ ಮೇಕಪ್‌ನವನು ಮಚ್ಚೆಯ ಆಕಾರ ತಿಳಿಯದೆ ಪರದಾಡಿದ. ನಿರ್ದೇಶಕ ಸಿಡುಕಿದ. ಸಂಭಾಷಣೆಗಾರ್ತಿಯ ಮೊಬೈಲಿನಲ್ಲಿ ಅಕ್ಕನ ಕೈಯ ಫೋಟೊ ಇತ್ತು, ಮೊದಲ ಸಲ ಕಥೆ ಕೇಳಿದಾಗ ತೆಗೆದದ್ದು. ಅದು ಬೇಕೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಅವಳೇ ಎದ್ದು ಹೋಗಿ ತೋರಿಸಿದಳು. ಹೊಸಬ ನೋಡಿ ನೋಡಿ ಬರೆದ. ಕೈ ಬೇಡವಾಗಿತ್ತು, ಕೈಯ ಪಟ ಬೇಕಿತ್ತು.

ಅಂದಿನ ದೃಶ್ಯದಲ್ಲಿ ನಾಯಕಿಯನ್ನು ಕೆಲಸದಿಂದ ತೆಗೆಯುತ್ತಾರೆ. ಸಹೋದ್ಯೋಗಿಯೊಬ್ಬ ಕುರ್ಚಿ ತಳ್ಳಿ ಎದ್ದು, "ಅವಳು ಹೋದ್ರೆ ನಾನೂ ಹೋಗ್ತೀನಿ!" ಎನ್ನಬೇಕು. ಆ ಸಾಲು ಬರೆದಾಗ ಅವಳು ತಾನೇ ಅತ್ತಿದ್ದಳು.

ಆ ಪಾತ್ರದ ಹಿರಿಯ ನಟ ಹಾಳೆ ಹಿಡಿದು ಬಂದ. "ಏನಮ್ಮಾ, ಇದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ? ಹೊಟ್ಟೆಪಾಡು ಬಿಟ್ಟು ಯಾರು ಹೀಗಂತಾರೆ?"

ಅವಳು ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿದಳು.

"ಮತ್ತೆ ನಾನೇನ್ ಮಾಡ್ಲಿ?"

"ತಲೆ ತಗ್ಗಿಸಿ ಕೂತಿರಿ ಸಾರ್, ಅವಳು ಬಾಗಿಲು ದಾಟೋವರೆಗೆ. ಆಮೇಲೆ, ಏನೋ ಕೆಲಸ ಇರೋ ಹಾಗೆ, ಮೊಬೈಲ್ ನೋಡಿ."

ನಟ ಹಾಗೇ ಮಾಡಿದ. ಮಾನಿಟರ್ ಮುಂದೆ ನಿರ್ದೇಶಕ ಚಪ್ಪಾಳೆ ತಟ್ಟಿದ. "ಎಂಥಾ ಸತ್ಯ ಮೇಡಂ! ಎಲ್ಲಿಂದ ತರ್ತೀರಿ ಇಂಥದ್ದನ್ನ?"

ಅವಳು ತಲೆ ಎತ್ತಲಿಲ್ಲ, ಮೊಬೈಲ್ ನೋಡುತ್ತಿದ್ದಳು. ಅದರ ಪರದೆಯಲ್ಲಿ ಅಕ್ಕನ ಕೈ ಇನ್ನೂ ಚಾಚಿಕೊಂಡೇ ಇತ್ತು.