ಸೊಂಟದವರೆಗಿನ ನೀರು

"ಮುಚ್ಚುಮರೆ ಬೇಡ ಡಾಕ್ಟರಮ್ಮ. ಏನು ರೋಗ, ಎಲ್ಲಿಂದ ಬಂತು, ಎಲ್ಲ ಇವನ ಎದುರಿಗೇ ಹೇಳಿಬಿಡಿ," ಎಂದಳು ಅತ್ತೆ.

ಮಗ ತಲೆಯೆತ್ತಲಿಲ್ಲ. ಐದು ದಿನದ ಹಿಂದೆ ಅವನ ಹೆಂಡತಿಯ ಬಸಿರು ಗರ್ಭಕೋಶಕ್ಕೆ ಇಳಿಯದೆ ಗರ್ಭನಳಿಕೆಯಲ್ಲೇ ನಿಂತು ಒಡೆದಿತ್ತು. ನಳಿಕೆ ತೆಗೆದು ಜೀವ ಉಳಿಸಿದ್ದರು. ಆ ನಳಿಕೆಯಲ್ಲಿ ಬೇರೇನೋ ಸೋಂಕಿದೆ, ಪರೀಕ್ಷೆಗೆ ಕಳಿಸಿದ್ದೇವೆ ಎಂದಾಗಲೇ ಅತ್ತೆ ಮಗನ ಮುಖ ನೋಡಿದ್ದಳು, ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ. ಹೇಳಿದ್ದುಂಟು. ಕಿಬ್ಬೊಟ್ಟೆ ನೋವು, ಹೊತ್ತಲ್ಲದ ಹೊತ್ತಲ್ಲಿ ರಕ್ತ ಎಂದು ವರ್ಷದ ಕೆಳಗೆ ಸೊಸೆ ಬಂದು ಅತ್ತಾಗ, "ಗರತಿಗೆ ಇದು ಸುಮ್ಮನೆ ಬರಲ್ಲ, ಎಲ್ಲಿಂದ ತಂದೆ?" ಎಂದಿದ್ದಳು. ಅಂದಿನಿಂದ ಸೊಸೆಯ ಬಟ್ಟೆಗೆ ಬೇರೆ ಬಕೆಟ್ಟು. ಮಗನ ಹಾಸಿಗೆಯೂ ಕೆಲವು ತಿಂಗಳು ಜಗುಲಿಗೆ ಬಂದಿತ್ತು. ಆಸ್ಪತ್ರೆಯಿಂದ ನೇರ ತವರಿಗೇ ಬಿಟ್ಟುಬರುವುದೆಂದು ತಾಯಿ ಮಗ ಮಾತಾಡಿಕೊಂಡೂ ಆಗಿತ್ತು.

"ನಳಿಕೆಯಲ್ಲಿದ್ದದ್ದು ಹುಳುವಿನ ಮೊಟ್ಟೆ," ಎಂದರು ಡಾಕ್ಟರಮ್ಮ, ಪರೀಕ್ಷೆಯ ಚೀಟಿಯ ಮೇಲೆ ಬೆರಳಿಟ್ಟು. "ಏನು ಕೆಲಸ ಮಾಡ್ತಾಳೆ ಆಕೆ?"

"ನಮ್ಮದು ಬಟ್ಟೆಗೆ ಬಣ್ಣ ಹಾಕೋ ಕಸುಬು," ಎಂದ ಮಗ. "ಬಣ್ಣ ಹಿಡಿದ ಮೇಲೆ ಕೆರೇಲಿ ಜಾಲಿಸ್ತಾಳೆ."

"ಹಾಗನ್ನಿ. ನಿಂತ ನೀರಲ್ಲಿ ಒಂದು ಜಾತಿ ಬಸವನಹುಳು ಇರುತ್ತೆ. ಅದರಿಂದ ಕಣ್ಣಿಗೆ ಕಾಣದ ಹುಳುಮರಿಗಳು ಹೊರಬಂದು ಚರ್ಮ ಕೊರೆದು ಒಳಗೆ ಸೇರ್ತಾವೆ, ಬೆಳೆದು ಅಲ್ಲೇ ಮೊಟ್ಟೆ ಇಡ್ತಾವೆ, ನಳಿಕೆ ಕಟ್ಟಿಕೊಳ್ಳುತ್ತೆ. ಇದು ಯಾವ ಗಂಡಸಿಂದಲೂ ಬಂದದ್ದಲ್ಲ, ನೀರಿಂದ ಬಂದದ್ದು."

ಹೊಸದಾಗಿ ಬಂದ ಸೊಸೆ ಮೊಣಕಾಲುದ್ದ ನೀರಲ್ಲಿ ನಿಂತು ಬಟ್ಟೆ ಅದ್ದುತ್ತಿದ್ದಾಗ, "ಏನಮ್ಮಾ ಕೊಕ್ಕರೆ, ಮೀನು ಹಿಡಿಯೋಕೆ ಬಂದೆಯಾ? ನೀರು ಸೊಂಟ ಮುಟ್ಟದೆ ಬಟ್ಟೆ ಬಿಚ್ಚಿಕೊಳ್ಳಲ್ಲ, ಬಣ್ಣ ಗೀರುಗೀರಾಗುತ್ತೆ," ಎಂದು ಕೂಗಿದವಳು ಅತ್ತೆಯೇ. ದಡದ ಹೆಂಗಸರೆಲ್ಲ ನಕ್ಕಿದ್ದರು. ಹುಡುಗಿಯೂ ನಕ್ಕು, ಒಂದೊಂದೇ ಹೆಜ್ಜೆ ಒಳಕ್ಕೆ ಇಳಿದಿದ್ದಳು.

"ಮನೇಲಿ ಇನ್ಯಾರು ನೀರಿಗೆ ಇಳೀತಾರೆ? ಅವರಿಗೂ ಹೀಗೆ ಆಗಿದ್ದುಂಟಾ?" ಎಂದು ಕೇಳಿದರು ಡಾಕ್ಟರಮ್ಮ.

"ಅಮ್ಮ ಇಳೀತಿದ್ದಳು. ಅವಳಿಗೇನಾಗಿದೆ, ಗುಂಡುಕಲ್ಲು," ಎಂದ ಮಗ.

ಅತ್ತೆ ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಗ ಹುಟ್ಟುವ ಮೊದಲು ಅವಳಿಗೆ ಎರಡು ಬಸಿರು ನಿಂತಿರಲಿಲ್ಲ, ಅವನಾದ ಮೇಲೆ ಒಂದೂ ಆಗಲಿಲ್ಲ. ರಕ್ತದ ಕಲೆಯಾದ ಬಟ್ಟೆಯನ್ನು ಬೇರೆಯವರು ಬರುವ ಮೊದಲೇ ಅದೇ ಕೆರೆಯಲ್ಲಿ ಹಿಂಡಿಕೊಂಡು ಬರುತ್ತಿದ್ದಳು. ದೇವರ ಮುಂದೆ ಕೈಮುಗಿದು ನಿಂತಾಗಲೂ ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿಕೊಂಡಿದ್ದಳು.

"ಆಗಿತ್ತು," ಎಂದಳು. "ಹೀಗೇ ಆಗಿತ್ತು. ನೀನು ಹುಟ್ಟೋಕೆ ಮೊದಲೂ, ಆಮೇಲೂ. ನಾನು ಯಾರಿಗೂ ಹೇಳಲಿಲ್ಲ ಕಣಪ್ಪ. ಪಾಪ, ಅವಳು ನಂಬಿ ನನ್ನ ಹತ್ರ ಹೇಳಿದಳು."

ಮಗ ಅವಳನ್ನೇ ನೋಡಿದ. ಅವಳು ನೆಲ ನೋಡಿದಳು. ಡಾಕ್ಟರಮ್ಮ ಸೊಸೆಯ ಮಾತ್ರೆಯ ಚೀಟಿ ಬರೆದುಕೊಟ್ಟು, ಮೂತ್ರ ಪರೀಕ್ಷೆಗೆಂದು ಒಂದು ಪುಟ್ಟ ಡಬ್ಬಿಯನ್ನು ಅತ್ತೆಯ ಕಡೆ ಸರಿಸಿದರು.

ವಾರ್ಡಿನಲ್ಲಿ ಸೊಸೆ ಎಚ್ಚರವಾಗಿದ್ದಳು. ಮಂಚದ ಕೆಳಗಿನ ರಕ್ತದ ಬಟ್ಟೆಯ ಗಂಟಿಗೆ ಅತ್ತೆ ಕೈ ಹಾಕಿದಾಗ ಬೆಚ್ಚಿ, "ಅಯ್ಯೋ, ನೀವು ಮುಟ್ಟಬೇಡಿ ಅತ್ತೆ. ಇಲ್ಲಿ ಬೇರೆ ಬಕೆಟ್ಟೂ ಇಲ್ಲ. ಎದ್ದ ಮೇಲೆ ನಾನೇ ಒಗೀತೀನಿ," ಎಂದಳು.

"ಸುಮ್ಮನೆ ಮಲಗು, ತಾಯಿ."

ಆಸ್ಪತ್ರೆಯ ಹಿತ್ತಲ ನಲ್ಲಿಯ ಕೆಳಗೆ ಒಂದೇ ಬಕೆಟ್ಟಿತ್ತು. ಅತ್ತೆ ಸೊಸೆಯ ಲಂಗವನ್ನು ಅದರಲ್ಲಿ ಹಾಕಿದಳು. ಐದು ದಿನದಿಂದ ತಾನು ಉಟ್ಟು ಬಿಟ್ಟ ಬಟ್ಟೆಗಳನ್ನೂ ತಂದು ಅದರ ಮೇಲೇ ಹಾಕಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ತಿರುಗಿ ನೋಡುವ ಮುಖ ಅವಳಿಗಿರಲಿಲ್ಲ. ಮಗ ಬಗ್ಗಿ ನಲ್ಲಿ ತಿರುಗಿಸಿದ. ನೀರು ಬಟ್ಟೆಗಳನ್ನು ಮುಳುಗಿಸಿ ಮೆಲ್ಲಗೆ ಅವಳ ಮೊಣಕೈವರೆಗೆ ಏರಿತು.