ಭರಮಿಯ ಜಡೆ

"ಮುಟ್ಟಬ್ಯಾಡಲೇ ಬೋಸೂಡಿ! ಅದು ನಿನ್ನ ಮಗಳ ಕೂದಲಲ್ಲ, ಎಲ್ಲವ್ವನ ಜಡಿ!"

ಗೌಡರ ಜಗಲಿಯ ಮೇಲೆ ಕೂತಿದ್ದ ಪೂಜಾರಿ ಉಜ್ಜಿನಪ್ಪ ಚೀರಿದ ಹೊಡೆತಕ್ಕೆ ದ್ಯಾಮಕ್ಕನ ಕೈಯಿಂದ ಬಾಚಣಿಗೆ ಜಾರಿ ಸಗಣಿಗೆ ಬಿತ್ತು. ಕೊಟ್ಟಿಗೆ ಬಳಿದು ಮುಗಿಸಿ, ನೆತ್ತಿಯ ಗಂಟು ಬಿಟ್ಟು ಮಗಳ ತಲೆಯ ಹೇನು ತೆಗೆಯೋಣವೆಂದು ಅಂಗಳದ ಮೂಲೆಯಲ್ಲಿ ಒಂದು ಗಳಿಗೆ ಕೂತಿದ್ದಳು, ಅಷ್ಟೆ.

"ಇಲ್ಲಿ ಬಾರಲೇ ಹುಡುಗಿ" ಎಂದರು ಮರುಳಸಿದ್ದಪ್ಪ ಗೌಡರು. ಭರಮಿ ಎದ್ದು ನಿಂತಳು. ಹತ್ತು ವರ್ಷದ ಕೂಸು. ಸಂತೆಯಲ್ಲಿ ಕರು ನೋಡಿದ ಹಾಗೆ ಗೌಡರು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಭರತ ಹುಣ್ಣಿವಿಗೆ ಮುತ್ತು ಕಟ್ಟಿಸಿಬಿಡು. ಸೀರಿ ನಾ ತರಸ್ತೀನಿ."

"ಸಣ್ಣ ಕೂಸ್ರಿ ಗೌಡ್ರ... ಇನ್ನಾ ಹಾಲ ಹಲ್ಲು ಪೂರಾ ಬಿದ್ದಿಲ್ಲ."

"ದೇವ್ರ ಕೆಲಸಕ್ಕ ಹಲ್ಲು ಎಣಸ್ತಿ ಏನ್ಲೇ? ಅವ್ವ ಕರದಾಳ, ಕಳಸು. ನಾಳಿ ಕೇರಿಗೆ ಬೆಂಕಿ ಬಿದ್ರ ನನ್ನ ಕೇಳಬ್ಯಾಡ."

ಬೆಂಕಿ ದೇವಿಯದೋ ಗೌಡರದೋ ಎಂದು ದ್ಯಾಮಕ್ಕ ಕೇಳಲಿಲ್ಲ. ಕೇಳುವ ಧೈರ್ಯ ಅವಳ ವಂಶದಲ್ಲೇ ಯಾರಿಗೂ ಇರಲಿಲ್ಲ. ದೇವರಿಗೆ ಬಿಟ್ಟ ಹುಡುಗಿ ಎಂದರೆ ಮೊದಲು ಗೌಡರ ಮನೆಗೆ, ಆಮೇಲೆ ಊರಿಗೆಲ್ಲ. ದ್ಯಾಮಕ್ಕನ ಅಕ್ಕ ಯಲ್ಲಕ್ಕನಿಗೂ ಹೀಗೇ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ಇಪ್ಪತ್ತೈದು ತುಂಬುವ ಮೊದಲೇ ಅವಳು ಹಂಪಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ ಮೈಯೆಲ್ಲ ಹುಣ್ಣಾಗಿ ಸತ್ತಳು. ಹೆಣ ಎತ್ತಲು ದೇವರೂ ಬರಲಿಲ್ಲ, ಗೌಡರೂ ಬರಲಿಲ್ಲ.

ತಪ್ಪು ತನ್ನದೇ ಎಂಬುದು ದ್ಯಾಮಕ್ಕನನ್ನು ಒಳಗೊಳಗೇ ಕೊರೆಯುತ್ತಿತ್ತು. ಹೋದ ವರ್ಷ ತಾಯಿ ಮಗಳಿಬ್ಬರೂ ಸಂಡೂರು ಗುಡ್ಡದ ಗಣಿಯಲ್ಲಿ ಅದಿರು ಹೊತ್ತಿದ್ದರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಬೆವರು, ಅದಿರಿನ ಪುಡಿ, ಸಿಂಬಿಯ ಉಜ್ಜಾಟ ಎಲ್ಲ ಸೇರಿ ಭರಮಿಯ ನೆತ್ತಿಯ ಕೂದಲು ಬೆರಳುದ್ದ ಗಂಟುಗಟ್ಟಿತ್ತು. ಆಗಲೇ ಎಣ್ಣೆ ಹಚ್ಚಿ ಬಿಡಿಸಿದ್ದರೆ ಬಿಡುತ್ತಿತ್ತು. ದ್ಯಾಮಕ್ಕ ಹೆದರಿದಳು. ಗಂಟಿಗೆ ಭಂಡಾರದ ಅರಿಸಿನ ಹಚ್ಚಿ, ಊದುಬತ್ತಿ ಬೆಳಗಿ, ಕೈ ಮುಗಿದಳು. ಭಂಡಾರ ಬಿದ್ದ ಮೇಲೆ ಅದು ಗಂಟಲ್ಲ, ಎಲ್ಲವ್ವನ ಜಡೆ. ಅದಕ್ಕೆ ಬಾಚಣಿಗೆ ತಾಗಬಾರದು. ಕತ್ತರಿಸಿದವರು ರಕ್ತ ಕಾರಿ ಸಾಯುತ್ತಾರೆ.

ಮರುದಿನ ಚೆನ್ನಬಸಮ್ಮ ಕೇರಿಗೆ ಬಂದಳು. ಹೊಸಪೇಟೆಯ ಲಿಂಗವಂತರ ವಿಧವೆ. ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ, ಕೇರಿಗಳಿಗೆ ಹೋಗುತ್ತಾಳೆ ಎಂದು ಅವಳ ಜನವೇ ಅವಳಿಗೆ ಬಾವಿ ಬಂದ್ ಮಾಡಿತ್ತು. ಗುಡಿಸಲ ಮುಂದೆ ನೆಲದ ಮೇಲೆ ಕೂತು ಭರಮಿಯ ತಲೆಯನ್ನು ಸೀದಾ ತೊಡೆಯ ಮೇಲಿಟ್ಟುಕೊಂಡಳು.

"ಅಯ್ಯೋ ಅಕ್ಕೋರ, ಮುಟ್ಟಬ್ಯಾಡ್ರಿ! ಕೊರಳಾಗ ಲಿಂಗ ಐತಿ ನಿಮ್ದು!"

"ಈ ಕೂಸಿನೊಳಗ ಇಲ್ಲದ ಶಿವ ನನ್ನ ಕೊರಳಾಗ ಎಲ್ಲಿಂದ ಬಂದಾನವ್ವ? ನಡಿ, ಕಚೇರಿಗೆ ಹೋಗಾಣು. ಕೂಸುಗಳನ್ನ ಹಿಂಗ ಬಿಡಬಾರದು ಅಂತ ಕಾಯ್ದೆ ಐತಿ."

ಕಚೇರಿಯಲ್ಲಿ ದ್ಯಾಮಕ್ಕ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ಜವಾನ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಒಳಗೆ ಒಯ್ದ. ಸಾಹೇಬ ಕಿಟಕಿಯಿಂದಲೇ ಕೇಳಿದ:

"ಹುಡುಗೀ ತಲ್ಯಾಗ ಜಡಿ ಐತೇನು?"

"ಐತ್ರಿ, ಆದ್ರ..."

"ಭಂಡಾರ ಹಚ್ಚಿದಾಕಿ ಯಾರು? ನೀನಾ ಅಲ್ಲಾ? ನಿಮ್ಮ ಗೌಡ್ರು ಎಲ್ಲಾ ಹೇಳಿಕಳಿಸ್ಯಾರ. ಜಡಿ ಇದ್ರ ಅದು ದೇವ್ರ ಮಾತು. ಮದರಾಸ್ ಸರಕಾರ ದೇವ್ರ ಮಾತಿಗೆ ಅಡ್ಡ ಬರಂಗಿಲ್ಲ. ನಡೀರಿ."

ಚೆನ್ನಬಸಮ್ಮ ಜಗಳಕ್ಕೆ ನಿಂತಳು. ಜವಾನ ಕದ ಹಾಕಿದ. ಬರುವಾಗ ಬಸವಣ್ಣ ಕಾಲುವೆಯ ಮೆಟ್ಟಿಲಲ್ಲಿ ಕೂತು ಅವಳು ಸೆರಗಿನ ಗಂಟಿನಿಂದ ಕತ್ತರಿ ತೆಗೆದಳು.

"ಕುಂದ್ರು ಭರಮಿ. ನಾ ಕತ್ತರಸ್ತೀನಿ. ಪಾಪ ಬಂದ್ರ ನನಗಾ ಬರ್ಲಿ."

"ಬ್ಯಾಡ್ರೀ!" ದ್ಯಾಮಕ್ಕ ಮಗಳನ್ನು ಕಸಿದುಕೊಂಡು ಓಡಿದಳು. ಪಾಪ ಬೇರೆಯವರಿಗೆ ಹೋಗುತ್ತದೆ ಎಂಬ ನಂಬಿಕೆ ಅವಳಿಗಿರಲಿಲ್ಲ. ದೇವಿ ಮೊದಲು ಹಿಡಿಯುವುದು ಕೂಸನ್ನೇ. ಬಡವರ ಕೂಸೆಂದರೆ ದೇವರಿಗೂ ಹತ್ತಿರ.

ಹುಣ್ಣಿಮೆಯ ದಿನ ಬಂದೇ ಬಂತು. ಚೆನ್ನಬಸಮ್ಮ ಬೆಳಕು ಹರಿಯುತ್ತಲೇ ಬಂದು ಗುಡಿಸಲ ಹೊರಗೆ ಕೂತಿದ್ದಳು. ಒಳಗೆ ಭರಮಿ ಗೌಡರು ಕಳಿಸಿದ ಸೀರೆಯನ್ನು ಸುತ್ತಿಕೊಳ್ಳಲು ಬಾರದೆ, ಅದರ ಅಂಚಿನ ಹೂವು ಎಣಿಸುತ್ತ ನಗುತ್ತಿದ್ದಳು. ಆ ನಗೆಯನ್ನು ದ್ಯಾಮಕ್ಕನಿಗೆ ನೋಡಲಾಗಲಿಲ್ಲ. ಗಳಕ್ಕೆ ಸಿಕ್ಕಿಸಿದ್ದ ಕುಡಗೋಲು ಎಳೆದುಕೊಂಡಳು.

"ಯವ್ವಾ ಎಲ್ಲವ್ವಾ, ನೀನೂ ಹೆತ್ತಾಕಿ. ಭಂಡಾರ ಹಚ್ಚಿದಾಕಿ ನಾನು. ರಕ್ತ ಕಾರಸೋದಿದ್ರ ನನ್ನ ಬಾಯಾಗ ಕಾರ್ಸು, ಆಕಿ ಬಾಯಾಗ ಬ್ಯಾಡ."

ಜಡೆ ಹಗ್ಗದಷ್ಟು ಗಟ್ಟಿ ಇತ್ತು. ಮೂರು ಸಲ ಎಳೆಯಬೇಕಾಯಿತು. ಅದು ಕೈಗೆ ಬಂದದ್ದೇ ದ್ಯಾಮಕ್ಕ ಅಂಗೈಗೆ ಉಗುಳಿ ಬೆಳಕಿಗೆ ಹಿಡಿದು ನೋಡಿದಳು. ಕೆಂಪಿರಲಿಲ್ಲ. ಮಗಳಿಂದಲೂ ಉಗುಳಿಸಿ ನೋಡಿದಳು. ಮತ್ತೆ ಉಗುಳಿದಳು, ಮತ್ತೆ ನೋಡಿದಳು. ಹೊತ್ತು ಏರುವವರೆಗೂ ಇದೇ ಕೆಲಸ. ಎಲೆ ಅಡಿಕೆಯ ಚೀಲವನ್ನು ಮುಟ್ಟಲೇ ಇಲ್ಲ.

ಹಲಗೆಯ ಸದ್ದು ಕೇರಿಗೆ ಬಂತು. ಬಾರಿಸುತ್ತಿದ್ದವನು ಅವಳ ಮೈದುನ ಮೂಕಣ್ಣನೇ. ಹಿಂದೆ ದೇವಿಯ ಬಿದಿರ ಬುಟ್ಟಿ, ಪಡ್ಲಿಗೆ, ಹಿಡಿದ ಉಜ್ಜಿನಪ್ಪ, ಅವನ ಹಿಂದೆ ಕೊಡೆಯ ನೆರಳಲ್ಲಿ ಗೌಡರು, ಇಬ್ಬರು ಆಳುಗಳು. ಭರಮಿ ಚೆನ್ನಬಸಮ್ಮನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನೆತ್ತಿಯಲ್ಲಿ ಕೊಯ್ದ ಹುಲ್ಲಿನ ಹಾಗೆ ಮೋಟು ಕೂದಲು. ಹಲಗೆ ನಿಂತುಹೋಯಿತು.

ದ್ಯಾಮಕ್ಕ ಮುಂದೆ ಬಂದು ಜಡೆಯನ್ನು ಪಡ್ಲಿಗೆಯೊಳಗೆ ಇಟ್ಟಳು.

"ಅವ್ವ ಕೇಳಿದ್ದು ಇದಾ ಅಲ್ಲೇನ್ರಿ? ಒಯ್ಯಿರಿ."

ಉಜ್ಜಿನಪ್ಪ ಪಡ್ಲಿಗೆಯನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹಾರಿದ. "ತಗೀಲೇ ಮೂಕ್ಯಾ" ಎಂದರು ಗೌಡರು. ಮೂಕಣ್ಣ ತಲೆ ಅಲ್ಲಾಡಿಸಿದ. ಗೌಡರೂ ಬಗ್ಗಲಿಲ್ಲ. ನೆಲದ ಮೇಲೆ ಬಿದ್ದ ಅದನ್ನು ನೋಡುತ್ತ ಅವರೂ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಇಡೀ ಕೇರಿ ನೋಡಿತು.

"ರಕ್ತ ಕಾರಿ ಸಾಯ್ತಿಯಲೇ ಬೋಸೂಡಿ! ಇವತ್ತಾ ಸಾಯ್ತಿ!" ಉಜ್ಜಿನಪ್ಪ ದೂರದಿಂದಲೇ ಚೀರಿದ.

ಗೌಡರ ಮುಂದೆ ಕೇರಿಯವರು ನೆಲಕ್ಕೆ ಉಗುಳಿದ್ದು ಅಜ್ಜ ಮುತ್ತಜ್ಜರ ಕಾಲದಿಂದ ಇಲ್ಲ. ದ್ಯಾಮಕ್ಕ ಅವರ ಕಾಲ್ಮರಿ ಮೆಟ್ಟುಗಳ ಮುಂದೆ ಉಗುಳಿದಳು. ಎಲ್ಲರಿಗಿಂತ ಮೊದಲು ತಾನೇ ಬಗ್ಗಿ ನೋಡಿದಳು.

"ನೋಡ್ರಿ ಗೌಡ್ರ. ಬೆಳ್ಳಗೈತಿ."

ಆಳು ಬಡಿಗೆ ಎತ್ತಿದ. ಚೆನ್ನಬಸಮ್ಮ ಕೂಸನ್ನು ಎಳೆದುಕೊಂಡು ಹೊಸಪೇಟೆಯ ದಾರಿ ಹಿಡಿದಳು. ಆ ದಾರಿಗೆ ಅಡ್ಡವಾಗಿ, ಬಡಿಗೆಯ ಕೆಳಗೆ ನಿಂತು, ಒಣಗಿದ ಬಾಯಲ್ಲಿ ದ್ಯಾಮಕ್ಕ ಇನ್ನೊಮ್ಮೆ ಉಗುಳು ಕೂಡಿಸತೊಡಗಿದಳು.