ನಾಲ್ಕು ತಂತಿ, ಮೂರು ಬೆರಳು

ಮತ್ತೆ ಝರ್ರ್ ಅಂದಿತು ಹಾಳು ತಂತಿ, ಮೂರು ಸಲ ನೆಟ್ಟಗೆ ಧುಂ ಧುಂ ಧುಂ, ನಾಲ್ಕನೆಯದಕ್ಕೆ ಝರ್ರ್, ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ, ಇದು ಕೈಯ ತಪ್ಪಲ್ಲ, ಗಿಟಾರಿನಲ್ಲೇ ಏನೋ ಐಬಿದೆ, ಐಬಿಲ್ಲದ ಮಾಲನ್ನು ಹೊಸಬನ ಕೈಗೆ ಯಾರು ಕೊಡುತ್ತಾರೆ — ದನದ ಸಂತೆಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದ ಅಸ್ಲಮನಿಗೆ ಇಷ್ಟು ತಿಳಿಯದೆ, ಬಾಯಿ ಬಿಡಿಸಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಿದವನು ಅವನು, ಗಿಟಾರಿಗೆ ಹಲ್ಲಿಲ್ಲ, ಅದೇ ಪಂಚಾಯ್ತಿ. ಕಿರುಬೆರಳು ಒತ್ರಿ ಚಾಚಾ, ಫ್ರೆಟ್ಟಿನ ಈ ಅಡ್ಡ ಗೆರಿ ಹಿಂದ, ಗೆರಿ ಮ್ಯಾಲ ಅಲ್ಲ. ಒತ್ತೇನವ್ವಾ. ಒತ್ತಿಲ್ಲರಿ. ಒತ್ತಿದ್ದೇನೆ ಅಂದರೆ ಒತ್ತಿಲ್ಲ ಅನ್ನುತ್ತಾಳಲ್ಲ, ತನ್ನ ಬೆರಳಿನ ಸುದ್ದಿ ತನಗಿಂತ ಇವಳಿಗೆ ಹೆಚ್ಚು ಗೊತ್ತೆ, ಗಿಟಾರ್ ಕಲಿಸುವ ಈ ಪ್ರಿಯಾಂಕಾ ತಾನು ಸಂತೆ ಬಿಟ್ಟು ಮನೆ ಸೇರುವಷ್ಟರಲ್ಲಿ ಇನ್ನೂ ಕಾಲೇಜು ಮುಗಿಸಿದ್ದಳೋ ಇಲ್ಲವೋ. ರಾಣೆಬೆನ್ನೂರಿನ ಬೀಜದಂಗಡಿಯ ಮೇಲಿನ ಈ ಖೋಲಿಗೆ ಅವನನ್ನು ತಂದು ಕೂರಿಸಿದವನು ಮಗ ಮುಜಾಫರ, ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವನು, ಬೇಸ್ ಗಿಟಾರಿನವನು ಹುಬ್ಬಳ್ಳಿಗೆ ಹೋಗ್ಯಾನ ಅಬ್ಬಾ, ನೀವs ಕಲೀರಿ, ನಾಕs ತಂತಿ, ಬೆರಳಿನ ಕೆಲಸ, ನಿಮಗ ಬೆರಳಿನ ಕೆಲಸ ಗೊತ್ತೈತಲ್ಲ. ಬೆರಳಿನ ಕೆಲಸ! ಹಾಗಂದಾಗ ಮಗನ ತುಟಿಯಂಚು ಏನೋ ಮಾಡಿತು, ನಕ್ಕನೋ, ಚುಚ್ಚಿದನೋ, ಹರೆಯದ ಹುಡುಗರನ್ನು ಬಿಟ್ಟು ಗಡ್ಡ ಬೆಳ್ಳಗಾದ ಅಪ್ಪನನ್ನು ಆರ್ಕೆಸ್ಟ್ರಾಕ್ಕೆ ಕರೆಯುವ ಮಗ ಯಾವ ಲೋಕದಲ್ಲಿದ್ದಾನೆ, ಇದರ ಹಿಂದೆ ಯಾರೋ ಇದ್ದಾರೆ.

ಯಾರು ಅಂತ ಕೇಳುವುದೇ ಬೇಡ. ಯಾವೂರವ್ವಾ ನೀನು ಅಂತ ಮೊದಲ ದಿನವೇ ಕೇಳಿದ್ದ, ಮೇಡ್ಲೇರಿರಿ ಚಾಚಾ ಅಂದಳು, ಅಲ್ಲಿಗೆ ತಾಳೆಯಾಯಿತು, ಮೇಡ್ಲೇರಿ ಅಂದರೆ ಸಂತೆಯಲ್ಲಿ ಜಗಳವಾಗಿ ದೂರವಾದ ಹಳೇ ದೋಸ್ತ ಶೇಖಪ್ಪನ ಊರು, ಮತ್ತೆ ಅಗೋ, ತಂತಿ ಒರೆಸುವುದಕ್ಕೆ ಅವಳು ಸ್ಪೀಕರಿನ ಮೇಲೆ ಹಾಕಿಟ್ಟ ಕೆಂಪಂಚಿನ ಟವೆಲು, ಥೇಟ್ ಅವನ ಹೆಗಲ ಮೇಲಿನಂಥದ್ದೇ, ಅಂಥ ಟವೆಲು ಮೇಡ್ಲೇರಿಯಲ್ಲಿ ಮನೆಗೆ ಹತ್ತು ಇರಬಹುದು, ಇರಲಿ, ಇವಳು ಇದನ್ನೇ ಯಾಕೆ ತಂದಳು, ತನ್ನ ಕಣ್ಣೆದುರಿಗೇ ಯಾಕೆ ಹಾಕಿದಳು. ಆ ಜಗಳದ ದಿನ ಶೇಖಪ್ಪನ ಜೋಡಿ ಎತ್ತು ಸಂತೆಗೆ ಬಂದಿದ್ದವು, ಬಿಳಿಯದು ಬೆದರಿ ಎಳೆದಾಡುತ್ತಿತ್ತು, ಅಸ್ಲಮನ ಬಲಗೈ ತುಂಬ ಹಗ್ಗ, ಅದಕ್ಕೇ ಎಡಗೈ ಚಾಚಿದ್ದ, ಎಡಗೈಲೆ ವ್ಯವಹಾರ ಮಾಡಬ್ಯಾಡ್ರಿ ಅಂತ ಹೆಂಡತಿ ಸಲ್ಮಾ ಎಷ್ಟು ಸಲ ಹೇಳಿದ್ದಳು, ಶೇಖಪ್ಪ ಹೆಗಲಿನ ಟವೆಲು ತೆಗೆದು ಕೈಮೇಲೆ ಹೊದಿಸಿ ಕೆಳಗೆ ಬೆರಳು ಹಿಡಿದ, ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು, ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಬಾಯಲ್ಲಿ ಹೇಳುವಂತಿಲ್ಲ, ಸುತ್ತ ನಿಂತವರಿಗೆ ಕಾಣುವಂತಿಲ್ಲ — ಮೂರು. ತೋರುಬೆರಳು, ನಡುಬೆರಳು, ಉಂಗುರಬೆರಳು, ಅಲ್ಲಾನ ಆಣೆ ಮೂರು. ಮೂರಕ್ಕೆ ಗಿರಾಕಿಗೆ ಮಾತು ಕೊಟ್ಟಾದ ಮೇಲೆ ಶೇಖಪ್ಪ ಅನ್ನುತ್ತಾನೆ, ನಾಕ ಹಿಡದಿದ್ನೆಲ್ಲೋ ಅಸ್ಲಮ್. ಮೂರ ಹಿಡದಿ. ನಾಕೋ ಮಾರಾಯಾ. ಆಗ ಅಸ್ಲಮ್ ಇಡೀ ಸಂತೆಗೆ ಕೇಳುವಂತೆ ಕೂಗಿದ, ಟವೆಲ್ ತಗದ ಮ್ಯಾಲೆ ಮಾತ ತಿರುಗಸ್ತಿಯೇನಲೇ, ಸುಳ್ಳ ಬೆರಳಿನವನ. ಶೇಖಪ್ಪ ತಿರುಗಿ ಬೈಯಲಿಲ್ಲ, ಟವೆಲ್ ಮಾತು ಟವೆಲ್ ಮಾತs, ಹೊಡಕೊಂಡ ಹೋಗ್ರಿ ಎತ್ತ, ಅಂದು ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ, ಅವತ್ತಿನಿಂದ ಈ ಕಡೆ ಸುಳಿದಿಲ್ಲ. ಸುಮ್ಮನೆ ಕೊಟ್ಟನಲ್ಲ, ಅಲ್ಲೇ ಸಿಕ್ಕಿಬಿದ್ದ, ಖರೇ ನಾಲ್ಕು ಹಿಡಿದವನು ಮೂರಕ್ಕೆ ಬಿಡುತ್ತಾನೆಯೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನೂ ಹೆಗಲೇ ಮುಟ್ಟಿಕೊಂಡ. ಮುಜಾಫರ ಹುಟ್ಟುವಾಗ ಹೊಳೆ ತುಂಬಿ ಬಸ್ಸು ನಿಂತ ದಿನ ಚಕ್ಕಡಿ ಕಟ್ಟಿ ಸಲ್ಮಾಳನ್ನು ಹಾವೇರಿ ದವಾಖಾನೆ ಮುಟ್ಟಿಸಿದವನು ಅದೇ ಶೇಖಪ್ಪ, ಅದನ್ನು ಈಗ ಯಾಕೆ ನೆನೆಯಬೇಕು, ಬೇಡ, ಅಂಥವನೇ ಕೈ ಕೊಟ್ಟ ಅನ್ನುವುದೇ ಎದೆಯಲ್ಲಿ ಕೂತುಬಿಟ್ಟಿದೆ.

ಬಲಗೈ ನೋಡ್ರಿ ಚಾಚಾ, ತೋರುಬೆರಳು ನಡುಬೆರಳು ಒಂದಾದ ಮ್ಯಾಲೆ ಒಂದು ನಡೀಬೇಕು, ನಾವು ನಡದಂಗ, ಒಂದ ಕಾಲಾಗ ಕುಂಟಬ್ಯಾಡ್ರಿ. ನಡೆಯುತ್ತಿವೆ, ಬಲಗೈಯಲ್ಲಿ ಏನೂ ಮೋಸವಿಲ್ಲ, ಧುಂ ಅಂದರೆ ಹಲಗೆ ನಡುಗಿ ಹೊಟ್ಟೆಯೊಳಗೆ ಗುಂಯ್ ಅನ್ನುತ್ತದೆ, ಹಿತವೂ ಆಗುತ್ತದೆ, ಯಾರಿಗೂ ಹೇಳಬಾರದು. ಎಡಗೈಗೆ ಬಂದರೆ ಮಾತ್ರ ಅವಳ ಕಣ್ಣು ನೆಟ್ಟಗೆ ಕಿರುಬೆರಳಿನ ಮೇಲೆಯೇ. ಎಡಗೈ ಹೆಬ್ಬೆರಳು ಹಿಂದ ಇರ್ಲಿ, ಗಿಟಾರಿನ ಕುತ್ತಿಗಿ ಹಿಸುಕಬ್ಯಾಡ್ರಿ, ಒಂದ ಫ್ರೆಟ್ಟಿಗೆ ಒಂದ ಬೆರಳು — ಚಾಚಾ, ಈ ಬೆರಳಿಗೆ ಏನರ ಆಗೇತೇನ್ರಿ? ಯಾರು ಹೇಳಿದರು ನಿನಗೆ, ಬಾಯಿಗೆ ಬಂದಿತ್ತು, ನುಂಗಿದ. ಏನೂ ಆಗಿಲ್ಲ. ಒಂದ ಸಲ ತೋರಸ್ರಿ. ಏನೂ ಆಗಿಲ್ಲ ಅಂದ್ನೆಲ್ಲವ್ವಾ! ಅವಳು ಮುಖ ಸಣ್ಣದು ಮಾಡಿಕೊಂಡು ಟವೆಲಿನಿಂದ ನಾಲ್ಕನೆಯ ಫ್ರೆಟ್ಟು ಒರೆಸಿದಳು, ಅಲ್ಲಿ ಏನಿತ್ತು ಒರೆಸುವುದಕ್ಕೆ, ಟವೆಲಿಗೆ ಕೆಂಪಗೆ ಏನೋ ಹತ್ತಿತು, ಅಂಚಿನ ಬಣ್ಣವೇ ಇರಬೇಕು. ಮೊದಮೊದಲು ಬೆರಳ ತುದಿ ಸುಲೀತಾವ್ರಿ, ಆಮ್ಯಾಲೆ ಗಟ್ಟಿ ಆಕ್ಕಾವ, ಇವತ್ತಿಗೆ ಸಾಕು. ಸಾಕಂತೆ. ನೋಡಬೇಕಾದ್ದು ನೋಡಿಯಾಯಿತು, ಈಗ ಮೇಡ್ಲೇರಿಗೆ ಫೋನ್ ಹೋಗುತ್ತದೆ. ಬ್ಯಾಡಗಿ ಬಸ್ಸಿನಲ್ಲಿ ಮುಂದಿನ ಸೀಟಿನ ಸರಳು ಹಿಡಿದರೆ ತುದಿಗಳು ಚುರುಚುರು ಅನ್ನುತ್ತವೆ, ಮೋಟೆಬೆನ್ನೂರು ದಾಟುವ ತನಕ ಅದನ್ನೇ ನೋಡುತ್ತ ಕೂತ, ಕಂಡಕ್ಟರನೂ ಎರಡು ಸಲ ಕೈ ನೋಡಿ ಹೋದ.

ಅಂಗಳದಲ್ಲಿ ಸಲ್ಮಾ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಮುರಿಯುತ್ತಿದ್ದಾಳೆ, ಊರಿಗೆ ಊರೇ ಕೆಮ್ಮುವ ಸುಗ್ಗಿ, ಬಂದ್ರಿ? ಬಂದೆ. ಕಲತ್ರಿ? ಕಲಿತೆ. ಇವಳಿಗೂ ಗೊತ್ತಿರಬೇಕು, ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ, ಬಾಯಿ ಬಿಡಿಸೋಣ ಎಂದು ಪಕ್ಕದಲ್ಲೇ ಕೂತು ತಾನೂ ಒಂದು ಹಿಡಿ ಎಳೆದುಕೊಂಡ, ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ತೊಟ್ಟು, ನಮ್ಮೂರ ಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ ಅನ್ನುತ್ತಾರೆ, ಸುಲಿದ ಚರ್ಮಕ್ಕೆ ಅದೆಲ್ಲಿ ಗೊತ್ತು — ಯಾ ಅಲ್ಲಾ, ಬೆಂಕಿ, ಬೆಂಕಿ! ಕೈ ಝಾಡಿಸಿದ. ಹುಚ್ಚರ ಗತೆ ಸುಲದ ಕೈಲೆ ಖಾರ ಮುಟ್ಟತಾರೇನ್ರಿ, ತೌಬಾ, ತರ್ರಿ ಇಲ್ಲೆ, ಎಣ್ಣಿ ಹಚ್ಚತೇನಿ, ಯಾವ ಬೆರಳು? ಇವು ಮೂರು. ಮೂರಲ್ಲರಿ, ನಾಕು. ಮೂರು ಉರೀತಾವ ಅಂದ್ನೆಲ್ಲ, ನನ್ನ ಬೆರಳು ನನಗ ಗೊತ್ತಿಲ್ಲೇನು. ನಾಕೂ ಸುಲದಾವ ನೋಡ್ರಿ, ಕಿರುಬೆರಳಂತೂ ರಕ್ತ ಬಂದೈತಿ, ಅದರಾಗ ಬೀಜ ಮೆತ್ಕೊಂಡೈತಿ, ಇದು ಉರಿಯಂಗಿಲ್ಲೇನ್ರಿ? ಉರಿಯುವುದಿಲ್ಲ. ಅವನು ಅವಳ ಮುಖವನ್ನೇ ನೋಡಿದ, ಸುಳ್ಳು ಹೇಳುವವರ ರೆಪ್ಪೆ ಬಡಿಯುತ್ತದೆ, ಬಡಿಯಲಿಲ್ಲ. ಹಚ್ಚು ಮತ್ತ, ಯಾಕ ಸುಮ್ನ ಕುಂತಿ? ಸುಮ್ನ ಎಲ್ಲೆ ಕುಂತೇನ್ರಿ, ಆಗಿಂದ ಅದನ್ನs ಹಿಡಕೊಂಡ ತಿಕ್ಕಾಕತ್ತೇನಲ್ಲ. ಕೆಳಗೆ ನೋಡಿದ. ಅವಳ ಸೆರಗು ಜಾರಿ ಇಬ್ಬರ ಕೈಗಳನ್ನೂ ಮುಚ್ಚಿತ್ತು, ಬಟ್ಟೆಯ ಕೆಳಗೆ ಏನೋ ಅಲುಗುತ್ತಿತ್ತು, ಯಾರದೋ ಬೆರಳನ್ನು ಯಾರೋ ತಿಕ್ಕುತ್ತಿದ್ದಂತೆ, ತನಗೆ ಅದರ ಸುದ್ದಿಯೇ ಇಲ್ಲ, ಮೂರು ಉರಿಯುತ್ತವೆ, ಮೂರೇ, ಸೆರಗು ಸರಿಸಬೇಕು, ಸರಿಸಲು ಕೈ ಬರುತ್ತಿಲ್ಲ, ನಾಕೋ ಮಾರಾಯಾ, ಎತ್ತು ಎಳೆಯುತ್ತಿದೆ, ಸಂತೆ ನೋಡುತ್ತಿದೆ, ಕೆಂಪಂಚಿನ ಟವೆಲು, ಟವೆಲಿನ ಕೆಳಗೆ ಶೇಖಪ್ಪನ ಒರಟು ಕೈ, ಆ ಕೈಯೊಳಗೆ ತನ್ನ ಕಿರುಬೆರಳು, ಬಿಗಿಯಾಗಿ, ಬಿಗಿಯಾಗಿ ಹಿಡಿದಿದ್ದಾನೆ, ಕೆಂಪಂಚಿನ ಟವೆಲು, ಅದರ ಕೆಳಗೆ —